ಸಂಬಳದಲ್ಲಿ ಬದುಕುವವರಿಗೂ ಬಾಹ್ಯಾಕಾಶ ನೋಡುವ ಕಾಲ ಬರುತ್ತಾ?

ಪ್ರಶ್ನೆ: ಆಕಾಶಬುಟ್ಟಿ

ಎಲ್ಲರಿಗೂ ನಮಸ್ಕಾರ. ಒಮ್ಮೆ ಬಾಹ್ಯಾಕಾಶಕ್ಕೆ ಹೋಗಿ ಬರಬೇಕು ಅನ್ನುವ ಆಸೆ ನನಗೆ ಚಿಕ್ಕಂದಿನಿಂದ ಇದೆ. ನಾನು ವಿಜ್ಞಾನಿ ಅಲ್ಲ, ಪೈಲಟ್ ಅಲ್ಲ. ತಿಂಗಳ ಸಂಬಳದಲ್ಲಿ ಬದುಕುವವಳು. ವಯಸ್ಸು ಮೂವತ್ತು ದಾಟಿದೆ.

2021ರಲ್ಲಿ ಆದದ್ದು ನಿಮಗೆಲ್ಲ ನೆನಪಿರಬಹುದು. ಜುಲೈ 11ಕ್ಕೆ ರಿಚರ್ಡ್ ಬ್ರಾನ್ಸನ್ ತಮ್ಮದೇ ಕಂಪನಿಯ ನೌಕೆಯಲ್ಲಿ ಮೇಲೆ ಹೋಗಿ ಬಂದರು. ಒಂಬತ್ತು ದಿನ ಬಿಟ್ಟು ಜೆಫ್ ಬೆಜೋಸ್ ಹೋದರು. ಸೆಪ್ಟೆಂಬರ್‌ನಲ್ಲಿ ಇನ್‌ಸ್ಪಿರೇಷನ್ 4 ಅಂತ ನಾಲ್ಕು ಜನ ಹೊರಟರು. ಅವರಲ್ಲಿ ಒಬ್ಬರೂ ಸರ್ಕಾರಿ ಗಗನಯಾತ್ರಿ ಅಲ್ಲ, ಆದರೂ ಮೂರು ದಿನ ಭೂಮಿಯನ್ನು ಸುತ್ತಿ ಬಂದರು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು. ಈಗ ಶ್ರೀಮಂತರು ಹೋಗಲಿ ಬಿಡಿ, ಇನ್ನು ಕೆಲವು ವರ್ಷಕ್ಕೆ ನಮಗೂ ಎಟುಕುತ್ತದೆ, ವಿಮಾನವೂ ಮೊದಲು ಹೀಗೇ ಇತ್ತಲ್ಲ ಅಂತ.

ಆದರೆ ಬೆಲೆ ನೋಡಿದರೆ ಹಾಗೆ ಕಾಣುತ್ತಿಲ್ಲ. ಬ್ರಾನ್ಸನ್ ಅವರ ಕಂಪನಿ ವರ್ಜಿನ್ ಗ್ಯಾಲಕ್ಟಿಕ್ ಟಿಕೆಟ್ ಮಾರಲು ಶುರು ಮಾಡಿದಾಗ 2 ಲಕ್ಷ ಡಾಲರ್ ಇತ್ತು. ಆಮೇಲೆ ಎರಡೂವರೆ ಲಕ್ಷ ಆಯಿತು. 2021ರಲ್ಲಿ ನಾಲ್ಕೂವರೆ ಲಕ್ಷ. ಇಳಿಯಬೇಕಾದದ್ದು ಏರುತ್ತಾ ಹೋಗಿದೆ, ಅಲ್ವಾ?

ನಾನು ಕೇಳುತ್ತಿರುವುದು ಇಷ್ಟೇ. ಈ ಬೆಲೆ ಯಾವಾಗಲಾದರೂ ನಿಜವಾಗಿ ಇಳಿಯುತ್ತಾ, ಇಳಿಯುವುದಾದರೆ ಅದಕ್ಕೆ ಮೊದಲು ಏನೇನು ಆಗಬೇಕು? ದುಡ್ಡು ಹೇಗೋ ಹೊಂದಿತು ಅಂತಲೇ ಇಟ್ಟುಕೊಳ್ಳಿ, ದಿನಾ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನನ್ನಂಥವರ ದೇಹ ಅದನ್ನು ತಡೆಯುತ್ತಾ? ಅಪಾಯ ಎಷ್ಟು? ಸುಮ್ನೆ ಸಮಾಧಾನ ಹೇಳಬೇಡಿ. ಆಗುವುದಿಲ್ಲ ಅಂತಿದ್ದರೆ ಯಾಕೆ ಆಗುವುದಿಲ್ಲ ಅಂತ ಹೇಳಿ, ತಿಳಿದುಕೊಳ್ಳುತ್ತೇನೆ.

ಉತ್ತರ: ಲೆಕ್ಕಿಗ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದಾಗಿ, ಬಾಹ್ಯಾಕಾಶ ಪ್ರವಾಸ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಬ್ರಾನ್ಸನ್ ಮತ್ತು ಬೆಜೋಸ್ ಮಾಡಿದ್ದು ನೇರ ಮೇಲೆ ಹೋಗಿ ಕೆಳಗೆ ಬರುವ ಹಾರಾಟ. ಬೆಜೋಸ್ ಅವರ ನ್ಯೂ ಶೆಪರ್ಡ್ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವ ಹೊತ್ತಿಗೆ ಹತ್ತು ಹನ್ನೊಂದು ನಿಮಿಷ. ಅದರಲ್ಲಿ ತೇಲುವುದು ಮೂರು ನಾಲ್ಕು ನಿಮಿಷ. ಇನ್‌ಸ್ಪಿರೇಷನ್ 4ರವರು ಮಾಡಿದ್ದು ಕಕ್ಷೆಯ ಹಾರಾಟ. ಅದಕ್ಕೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗ ಬೇಕು. 100 ಕಿಲೋಮೀಟರ್ ಎತ್ತರ ಮುಟ್ಟಿ ವಾಪಸ್ ಬೀಳುವುದಕ್ಕೆ ಶಬ್ದದ ಮೂರು ಪಟ್ಟು ವೇಗ ಸಾಕು. ಶಕ್ತಿಯ ಲೆಕ್ಕದಲ್ಲಿ ಹೇಳಿದರೆ ಒಂದೊಂದು ಕೆಜಿಗೂ ಹೆಚ್ಚು ಕಡಿಮೆ ಮೂವತ್ತು ಪಟ್ಟು ವ್ಯತ್ಯಾಸ. ಹೋಗುವಾಗ ತುಂಬಿದ ಆ ಶಕ್ತಿಯನ್ನೆಲ್ಲ ಬರುವಾಗ ಕಳೆಯಲೇಬೇಕು. ಅದಕ್ಕೇ ಕಕ್ಷೆಯಿಂದ ಇಳಿಯುವ ಕ್ಯಾಪ್ಸೂಲಿನ ತಳ 1,600 ಡಿಗ್ರಿಗೂ ಮೇಲೆ ಕಾಯುತ್ತದೆ. ಹಾಗಾಗಿ ಮೊದಲನೆಯದು ಅಗ್ಗವಾದರೆ ಎರಡನೆಯದೂ ತಾನಾಗಿ ಅಗ್ಗವಾಗುತ್ತದೆ ಅಂದುಕೊಳ್ಳುವ ಹಾಗಿಲ್ಲ.

ಈಗ ಬೆಲೆಗೆ ಬರೋಣ. ಇಲ್ಲಿ ಒಂದು ವಿಚಿತ್ರ ಇದೆ, ಯಾಕೋ ಜನ ಅದನ್ನು ಗಮನಿಸುವುದೇ ಇಲ್ಲ. ನಾಸಾದ ಹಳೆಯ ನೌಕೆ ಸ್ಪೇಸ್ ಶಟಲ್ ಕಾಲದಲ್ಲಿ ಒಂದು ಕೆಜಿ ಸಾಮಾನನ್ನು ಕೆಳಗಿನ ಕಕ್ಷೆಗೆ ಮುಟ್ಟಿಸಲು ಸುಮಾರು 54,500 ಡಾಲರ್ ಬೀಳುತ್ತಿತ್ತು. ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ ಬಂದ ಮೇಲೆ ಅದು ಸುಮಾರು 2,700 ಡಾಲರ್‌ಗೆ ಇಳಿಯಿತು. ಇಪ್ಪತ್ತು ಪಟ್ಟು ಇಳಿಕೆ, ಸಣ್ಣ ಮಾತಲ್ಲ. ಆದರೆ ಮನುಷ್ಯರ ಸೀಟಿನ ಬೆಲೆ? 2001ರಲ್ಲಿ, ಸ್ವಂತ ದುಡ್ಡು ಕೊಟ್ಟು ಹೋದ ಮೊದಲ ಪ್ರವಾಸಿ ಡೆನಿಸ್ ಟಿಟೊ ರಷ್ಯಾದ ಸೋಯುಜ್ ನೌಕೆಯಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬರಲು ಕೊಟ್ಟದ್ದು 2 ಕೋಟಿ ಡಾಲರ್ ಅನ್ನುತ್ತಾರೆ. 2022ರಲ್ಲಿ ಆಕ್ಸಿಯಮ್ ಕಂಪನಿಯ ಮೊದಲ ಯಾತ್ರೆಯಲ್ಲಿ ಅದೇ ನಿಲ್ದಾಣಕ್ಕೆ ಒಂದು ಸೀಟಿಗೆ ಐದೂವರೆ ಕೋಟಿ ಡಾಲರ್. ಸಾಮಾನಿನ ಬಾಡಿಗೆ ನೆಲಕ್ಕೆ ಬಂತು, ಸೀಟಿನ ಬೆಲೆ ಆಕಾಶಕ್ಕೆ ಹೋಯಿತು.

ಯಾಕೆ ಅಂದರೆ ಸೀಟಿನ ಬೆಲೆಯಲ್ಲಿ ರಾಕೆಟ್ ಒಂದು ಪಾಲು ಮಾತ್ರ. ಕ್ಯಾಪ್ಸೂಲ್ ಬೇರೆ, ಉಸಿರಾಟದ ವ್ಯವಸ್ಥೆ ಬೇರೆ, ಏನಾದರೂ ಆದರೆ ಜನರನ್ನು ರಾಕೆಟ್ಟಿನಿಂದ ಎಳೆದು ದೂರ ಒಯ್ಯುವ ಎಂಜಿನ್ ಬೇರೆ, ತಿಂಗಳುಗಟ್ಟಲೆ ತರಬೇತಿ, ಸಮುದ್ರದಲ್ಲಿ ಕಾಯುವ ಹಡಗು, ನಿಲ್ದಾಣದಲ್ಲಿ ಉಳಿದುಕೊಳ್ಳುವ ಖರ್ಚು. ಇದನ್ನೆಲ್ಲ ನಾಲ್ಕು ಸೀಟಿಗೆ ಹಂಚಬೇಕು. ನಿಲ್ದಾಣಕ್ಕೆ ಹೋಗುವ ಖಾಸಗಿ ಯಾತ್ರೆಯಲ್ಲಿ ಮೊದಲು ಹೋಗಿ ಬಂದ ಅನುಭವ ಇರುವ ನಾಸಾದ ಮಾಜಿ ಗಗನಯಾತ್ರಿಯೇ ಮುಖ್ಯಸ್ಥರಾಗಿರಬೇಕು ಅಂತ ನಾಸಾ ನಿಯಮ ಮಾಡಿತ್ತು. ಅಲ್ಲಿಗೆ ಮಾರುವುದಕ್ಕೆ ಉಳಿದದ್ದು ಮೂರೇ ಸೀಟು.

ಎಲ್ಲಕ್ಕಿಂತ ಮುಖ್ಯ ಎಷ್ಟು ಸಲ ಹಾರುತ್ತದೆ ಅನ್ನುವುದು. 2024ರಲ್ಲಿ ಫಾಲ್ಕನ್ ರಾಕೆಟ್‌ಗಳು 130ಕ್ಕೂ ಹೆಚ್ಚು ಸಲ ಹಾರಿದವು. ಅದರಲ್ಲಿ ಮನುಷ್ಯರನ್ನು ಹೊತ್ತದ್ದು ಬೆರಳೆಣಿಕೆಯಷ್ಟು. ರಾಕೆಟ್ ಬಸ್ಸಿನ ಹಾಗೆ ಓಡಾಡುತ್ತಿದೆ, ಆದರೆ ಹೊರುತ್ತಿರುವುದು ಉಪಗ್ರಹಗಳನ್ನು. ವರ್ಜಿನ್ ಈಗ ಕಟ್ಟುತ್ತಿರುವ ಹೊಸ ನೌಕೆಯಲ್ಲಿ ಆರು ಜನ ಪ್ರಯಾಣಿಕರು ಕೂರಬಹುದು, ಒಂದು ನೌಕೆ ತಿಂಗಳಿಗೆ ಎಂಟು ಸಲ ಹಾರಬಹುದು ಅಂತ ಅವರು ಹೇಳುತ್ತಾರೆ. ಒಂದು ದಿನವೂ ತಪ್ಪದೆ ಹಾಗೆ ನಡೆದರೂ ಒಂದು ನೌಕೆಗೆ ವರ್ಷಕ್ಕೆ 576 ಜನ. ಒಂದು ದೊಡ್ಡ ವಿಮಾನ ಒಂದು ದಿನದಲ್ಲಿ ಅಷ್ಟು ಜನರನ್ನು ಸಾಗಿಸುತ್ತದೆ.

ವಿಮಾನದ ಹೋಲಿಕೆ ಬಗ್ಗೆ ಒಂದು ಮಾತು ಹೇಳಲೇಬೇಕು. 1914ರ ಜನವರಿ 1ರಂದು ಅಮೆರಿಕದ ಫ್ಲೋರಿಡಾದಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ಊರಿನಿಂದ ಟ್ಯಾಂಪಾಗೆ, ಜಗತ್ತಿನ ಮೊದಲ ವಿಮಾನ ಸೇವೆ ಶುರುವಾಯಿತು. ಮೊದಲ ಸೀಟನ್ನು ಹರಾಜು ಹಾಕಿದರು. ಏಬ್ರಮ್ ಫೈಲ್ ಅನ್ನುವವರು 400 ಡಾಲರ್ ಕೊಟ್ಟು ಕೂತರು. 23 ನಿಮಿಷದ ಪ್ರಯಾಣ. ಮಾರನೆಯ ದಿನದಿಂದ ಸಾಮಾನ್ಯರಿಗೆ ಟಿಕೆಟ್ 5 ಡಾಲರ್. 2021ರಲ್ಲಿ ಬೆಜೋಸ್ ಅವರ ಕಂಪನಿಯೂ ಮೊದಲ ಸೀಟನ್ನು ಹರಾಜು ಹಾಕಿತು, 2 ಕೋಟಿ 80 ಲಕ್ಷ ಡಾಲರ್‌ಗೆ ಹೋಯಿತು. ಆದರೆ ಮಾರನೆಯ ದಿನದ 5 ಡಾಲರ್ ಟಿಕೆಟ್ ಇವತ್ತಿಗೂ ಬಂದಿಲ್ಲ.

ಯಾಕೆ ಬರಲಿಲ್ಲ ಅಂದರೆ, ವಿಮಾನ ಹತ್ತಿದವರಿಗೆ ಎಲ್ಲಿಗೋ ಹೋಗುವ ಕೆಲಸ ಇತ್ತು. ಆಮೇಲೆ ಸರ್ಕಾರದ ಅಂಚೆ ಚೀಲಗಳು ಸಿಕ್ಕವು. ಎರಡು ಮಹಾಯುದ್ಧಗಳು ಎಂಜಿನ್‌ಗಳನ್ನು ಬೆಳೆಸಿದವು. 1950ರ ದಶಕದ ಕೊನೆಗೆ ಜೆಟ್ ಬಂತು. ವರ್ಷವಿಡೀ ಸೀಟು ತುಂಬಿಸುವ ಅಗತ್ಯವೊಂದು ಮೊದಲೇ ಇತ್ತು. ಪ್ರವಾಸಿ ರಾಕೆಟ್ ಹೊರಟ ಜಾಗಕ್ಕೇ ವಾಪಸ್ ಬರುತ್ತದೆ. ಅದರ ಗಿರಾಕಿ ಜೀವನದಲ್ಲಿ ಒಂದೇ ಸಲ ಬರುವ ಗಿರಾಕಿ. ಅದಕ್ಕೇ ನನಗೆ ಹತ್ತಿರದ ಉದಾಹರಣೆ ಅಂತ ಅನ್ನಿಸುವುದು ಕಾಂಕಾರ್ಡ್, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ. 1976ರಿಂದ 2003ರವರೆಗೆ ಹಾರಿತು, ತಾಂತ್ರಿಕವಾಗಿ ಅದ್ಭುತ, ಎರಡು ಕಂಪನಿಗಳ ಕೈಯಲ್ಲಿ ಒಟ್ಟು 14 ವಿಮಾನ. ಅಷ್ಟೂ ವರ್ಷ ಟಿಕೆಟ್ ದುಬಾರಿಯಾಗಿಯೇ ಉಳಿಯಿತು, ಯಾಕೆಂದರೆ ಬೆಲೆ ಇಳಿಸುವಷ್ಟು ವಿಮಾನಗಳೂ ಇರಲಿಲ್ಲ, ಅಷ್ಟು ಹಾರಾಟಗಳೂ ಇರಲಿಲ್ಲ.

ಹಾಗಾದರೆ ಆಗುವುದೇ ಇಲ್ಲವಾ? ಹಾಗಲ್ಲ. ಮನುಷ್ಯರು ಕಕ್ಷೆಗೆ ಹೋಗಲು ಪ್ರವಾಸ ಬಿಟ್ಟು ಬೇರೆ ಕಾರಣ ಹುಟ್ಟಿದರೆ, ಕೆಲಸಕ್ಕೆ ಅಂತ ನೂರಾರು ಜನ ಓಡಾಡುವ ಹಾಗಾದರೆ, ಆ ದಾರಿಯಲ್ಲಿ ಪ್ರವಾಸಿಗೂ ಒಂದು ಸೀಟು ಸಿಗುತ್ತದೆ. ಸ್ಟಾರ್‌ಶಿಪ್ ಥರದ ದೊಡ್ಡ ರಾಕೆಟ್ ಮೇಲೆ ಜನ ಆಸೆ ಇಟ್ಟಿರುವುದು ಇದಕ್ಕೇ. 2024ರ ಅಕ್ಟೋಬರ್‌ನಲ್ಲಿ ಅದರ ಕೆಳಗಿನ ಹಂತ ವಾಪಸ್ ಬಂದು ಗೋಪುರದ ತೋಳುಗಳ ನಡುವೆ ನಿಂತದ್ದನ್ನು ನೋಡಿ ನನಗೂ ಮೈ ಜುಮ್ ಅಂದಿತು. ಆದರೆ ಮನುಷ್ಯರನ್ನು ಕೂರಿಸುವ ಮಾತು ಬೇರೆ. ಅಂತರರಾಷ್ಟ್ರೀಯ ನಿಲ್ದಾಣವನ್ನು 2030ರ ನಂತರ ಕೆಳಗಿಳಿಸುವ ಯೋಜನೆ ಇದೆ. ಅದರ ಜಾಗಕ್ಕೆ ಖಾಸಗಿ ನಿಲ್ದಾಣಗಳು ಬರುತ್ತವಾ ಇಲ್ಲವಾ ಅನ್ನುವುದರ ಮೇಲೆ ತುಂಬ ನಿಂತಿದೆ.

ಒಂದೇ ಸಾಲಿನಲ್ಲಿ ಬೇಕಾದರೆ: ಟಿಕೆಟ್ ಬೆಲೆ ನೋಡಬೇಡಿ, ಮನುಷ್ಯರು ಇರುವ ಹಾರಾಟ ವರ್ಷಕ್ಕೆ ಎಷ್ಟು ಅಂತ ನೋಡಿ. ಅದು ನೂರು ದಾಟಿದ ದಿನ ನಾನೂ ದುಡ್ಡು ಕೂಡಿಡಲು ಶುರು ಮಾಡುತ್ತೇನೆ.

ಉತ್ತರ: ಹಕ್ಕಿನೋಟ

ಲೆಕ್ಕಿಗ ಅವರ ಲೆಕ್ಕ ಸರಿ ಇದೆ. ಆದರೆ ಸಾಮಾನ್ಯರು ಅಂದ ಕೂಡಲೇ ಟಿಕೆಟ್ ಕೊಳ್ಳುವವರು ಅಂತ ಯಾಕೆ ಅಂದುಕೊಳ್ಳಬೇಕು? ಟಿಟೊ ಅವರಿಗಿಂತ ಮೊದಲೇ ಸಾಮಾನ್ಯರು ಹೋಗಿದ್ದಾರೆ, ಹೋಗಲು ಹೊರಟಿದ್ದಾರೆ. ಆ ಕಥೆ ಹೇಳದೆ ಈ ಮಾತು ಪೂರ್ತಿ ಆಗುವುದಿಲ್ಲ.

ಹೆಲೆನ್ ಶಾರ್ಮನ್ ಅಂತ ಬ್ರಿಟನ್‌ನವರು. ಚಾಕೊಲೇಟ್ ಕಂಪನಿಯಲ್ಲಿ ರಸಾಯನ ವಿಜ್ಞಾನಿ ಆಗಿದ್ದರು. ಕೆಲಸ ಮುಗಿಸಿ ಕಾರಿನಲ್ಲಿ ಬರುವಾಗ ರೇಡಿಯೋದಲ್ಲಿ ಒಂದು ಜಾಹೀರಾತು ಕೇಳಿದರು. ಗಗನಯಾತ್ರಿ ಬೇಕಾಗಿದ್ದಾರೆ, ಅನುಭವ ಬೇಕಿಲ್ಲ ಅಂತ. ಅರ್ಜಿ ಹಾಕಿದರು. ಸುಮಾರು 13,000 ಜನ ಅರ್ಜಿ ಹಾಕಿದ್ದರಲ್ಲಿ ಆಯ್ಕೆಯಾಗಿ, ರಷ್ಯನ್ ಭಾಷೆ ಕಲಿತು, ತರಬೇತಿ ಮುಗಿಸಿ, 1991ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು. ಆಗ ಅವರಿಗೆ 27 ವರ್ಷ. ಬ್ರಿಟನ್ನಿನಿಂದ ಬಾಹ್ಯಾಕಾಶಕ್ಕೆ ಹೋದ ಮೊದಲಿಗರು ಅವರೇ. ಅದಕ್ಕೆ ಆರು ತಿಂಗಳ ಹಿಂದೆ ಜಪಾನಿನ ಪತ್ರಕರ್ತ ತೊಯೊಹಿರೊ ಅಕಿಯಾಮಾ ತಮ್ಮ ಟಿವಿ ಕಂಪನಿಯ ಖರ್ಚಿನಲ್ಲಿ ಅದೇ ಮಿರ್‌ಗೆ ಹೋಗಿ ಅಲ್ಲಿಂದ ವರದಿ ಮಾಡಿದ್ದರು.

ಅದಕ್ಕೂ ಹಿಂದೆ ಕ್ರಿಸ್ಟಾ ಮೆಕಾಲಿಫ್. ಶಾಲಾ ಟೀಚರ್. 11,000ಕ್ಕೂ ಹೆಚ್ಚು ಟೀಚರ್‌ಗಳ ಅರ್ಜಿಗಳಲ್ಲಿ ಅವರನ್ನು ಆರಿಸಿದ್ದರು. ಕಕ್ಷೆಯಿಂದಲೇ ಮಕ್ಕಳಿಗೆ ಪಾಠ ಮಾಡಬೇಕಿತ್ತು. 1986ರ ಜನವರಿ 28ರಂದು ಅವರಿದ್ದ ಶಟಲ್ ಚಾಲೆಂಜರ್ ನೆಲ ಬಿಟ್ಟ 73 ಸೆಕೆಂಡಿಗೆ ಒಡೆದುಹೋಯಿತು, ಏಳೂ ಜನ ತೀರಿಕೊಂಡರು. ದೇಶದ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಟಿವಿ ಮುಂದೆ ಕೂತು ನೋಡುತ್ತಿದ್ದರು. ಆಮೇಲೆ ನಾಸಾ ಸಾಮಾನ್ಯರನ್ನು ಕಳಿಸುವ ಯೋಜನೆಯನ್ನೇ ನಿಲ್ಲಿಸಿತು. ನನ್ನ ಪ್ರಕಾರ ಸಾಮಾನ್ಯರ ಬಾಹ್ಯಾಕಾಶ ಯಾತ್ರೆಗೆ ನಿಜವಾದ ಪೆಟ್ಟು ಬಿದ್ದದ್ದು ಆವತ್ತು. ಅದು ಸರಿಯಾಗಿ ನಡೆದಿದ್ದರೆ ಟೀಚರ್‌ಗಳ ನಂತರ ಪತ್ರಕರ್ತರನ್ನು ಕಳಿಸುವ ಯೋಚನೆ ಇತ್ತು. ಟಿಕೆಟ್ ಮಾರುವ ದಾರಿ ಬಿಟ್ಟು ಜನರನ್ನು ಆರಿಸಿ ಕಳಿಸುವ ದಾರಿಯೊಂದು ಬೆಳೆಯಬಹುದಿತ್ತು. ಕ್ರಿಸ್ಟಾ ಅವರಿಗೆ ಬದಲಿಯಾಗಿ ತರಬೇತಿ ಪಡೆದಿದ್ದ ಬಾರ್ಬರಾ ಮಾರ್ಗನ್, ಇನ್ನೊಬ್ಬ ಟೀಚರ್, ಕೊನೆಗೆ ಹೋದದ್ದು 2007ರಲ್ಲಿ. ಇಪ್ಪತ್ತೊಂದು ವರ್ಷ ಕಾದರು.

ಇನ್‌ಸ್ಪಿರೇಷನ್ 4 ನೋಡಿ. ದುಡ್ಡು ಕೊಟ್ಟದ್ದು ಜ್ಯಾರೆಡ್ ಐಸಾಕ್‌ಮನ್ ಒಬ್ಬರೇ. ಹೇಲಿ ಆರ್ಸೆನೋ ಚಿಕ್ಕವರಿದ್ದಾಗ ಮೂಳೆ ಕ್ಯಾನ್ಸರ್ ಬಂದು ವಾಸಿಯಾದವರು, ವಾಸಿಯಾದ ಆಸ್ಪತ್ರೆಯಲ್ಲೇ ಆಮೇಲೆ ಕೆಲಸಕ್ಕೆ ಸೇರಿದವರು, ಕಾಲಿನಲ್ಲಿ ಲೋಹದ ಸರಳು ಇದೆ. ಹಳೆಯ ಕಾಲದ ನಿಯಮಗಳಲ್ಲಿ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರು. ಸಿಯಾನ್ ಪ್ರಾಕ್ಟರ್ ಕಾಲೇಜು ಅಧ್ಯಾಪಕಿ, ಸ್ಪರ್ಧೆಯಲ್ಲಿ ಗೆದ್ದು ಬಂದರು. ಕ್ರಿಸ್ ಸೆಂಬ್ರೋಸ್ಕಿ ಬಂದದ್ದು ಲಾಟರಿಯಲ್ಲಿ. ಆಸ್ಪತ್ರೆಗೆ ದೇಣಿಗೆ ಕೊಟ್ಟವರ ಹೆಸರು ಎತ್ತಿದಾಗ ಅವರ ಗೆಳೆಯರೊಬ್ಬರ ಹೆಸರು ಬಂತು, ಆ ಗೆಳೆಯ ಸೀಟನ್ನು ಇವರಿಗೆ ಬಿಟ್ಟುಕೊಟ್ಟರು.

ಇದನ್ನೇ ನಾನು ಹೇಳುವುದು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸಂಬಳದವರು ಟಿಕೆಟ್ ಕೊಂಡು ಹೋಗುವುದಕ್ಕಿಂತ ಸ್ಪರ್ಧೆ, ಸಂಶೋಧನೆ, ದೇಣಿಗೆ, ಕೆಲಸ ಇವುಗಳ ಮೂಲಕ ಹೋಗುವುದೇ ಜಾಸ್ತಿ. ಅಂಥ ಅವಕಾಶ ಕರೆದಾಗ ಅರ್ಜಿ ಹಾಕಿ. ಶಾರ್ಮನ್ ಆ ರೇಡಿಯೋ ಜಾಹೀರಾತು ಕೇಳಿ ಇದು ನನ್ನಂಥವರಿಗಲ್ಲ ಅಂತ ಸುಮ್ಮನಿದ್ದಿದ್ದರೆ?

ಉತ್ತರ: ನಾಡಿಮಿಡಿತ

ನಾನು ವೈದ್ಯೆ. ದೇಹದ ಪ್ರಶ್ನೆಗೆ ಉತ್ತರಿಸುತ್ತೇನೆ.

ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ದೇಹ ಹತ್ತು ನಿಮಿಷದ ಹಾರಾಟವನ್ನು ಸಾಮಾನ್ಯವಾಗಿ ತಡೆಯುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಜನರನ್ನು ದೊಡ್ಡ ತಿರುಗುಯಂತ್ರದಲ್ಲಿ ಕೂರಿಸಿ, ಹಾರಾಟದಲ್ಲಿ ಬೀಳುವಷ್ಟೇ ಒತ್ತಡ ಕೊಟ್ಟು ನೋಡಿದ್ದಾರೆ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರೂ ಅದರಲ್ಲಿದ್ದರು. ಕಾಯಿಲೆ ಹತೋಟಿಯಲ್ಲಿದ್ದವರು ಚೆನ್ನಾಗಿಯೇ ತಡೆದರು. ತೊಂದರೆ ಕೊಟ್ಟದ್ದು ಹೆಚ್ಚಾಗಿ ಗಾಬರಿ. ಎದೆಯ ಮೇಲೆ ಭಾರ ಕೂತು ಉಸಿರು ಎಳೆಯುವುದು ಕಷ್ಟವಾದಾಗ ಮನಸ್ಸು ಮೊದಲು ಸೋಲುತ್ತದೆ.

ನ್ಯೂ ಶೆಪರ್ಡ್‌ಗೆ ಕಂಪನಿಯವರು ಇಟ್ಟ ಷರತ್ತುಗಳನ್ನು ನೋಡಿದರೆ ನಿಮಗೆ ಅಂದಾಜು ಸಿಗುತ್ತದೆ. ಉಡಾವಣಾ ಗೋಪುರದ ಏಳು ಮಹಡಿಯ ಮೆಟ್ಟಿಲನ್ನು ಒಂದೂವರೆ ನಿಮಿಷದೊಳಗೆ ಹತ್ತಬೇಕು. ಸೀಟಿನ ಪಟ್ಟಿಯನ್ನು 15 ಸೆಕೆಂಡಿನೊಳಗೆ ತಾವೇ ಹಾಕಿಕೊಳ್ಳಬೇಕು, ಬಿಚ್ಚಬೇಕು. ಇಳಿಯುವಾಗ ಕೆಲವು ಸೆಕೆಂಡು ನಿಮ್ಮ ತೂಕದ ಐದು ಪಟ್ಟಿನಷ್ಟು ಭಾರ ಬೀಳುತ್ತದೆ. ನಟ ವಿಲಿಯಂ ಶಾಟ್ನರ್ 90ನೇ ವಯಸ್ಸಿನಲ್ಲಿ ಹೋಗಿ ಬಂದರು. ವಾಲಿ ಫಂಕ್ 82ರಲ್ಲಿ ಹೋದರು. 1961ರಲ್ಲೇ ಅವರು ಗಗನಯಾತ್ರಿಗಳ ವೈದ್ಯಕೀಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದರು, ಹೆಣ್ಣು ಅನ್ನುವ ಕಾರಣಕ್ಕೆ ಆಗ ಅವಕಾಶ ಸಿಗಲಿಲ್ಲ. 2025ರ ಡಿಸೆಂಬರ್‌ನಲ್ಲಿ ಗಾಲಿಕುರ್ಚಿ ಬಳಸುವ ಜರ್ಮನಿಯ ಎಂಜಿನಿಯರ್ ಮಿಖಾಯೆಲಾ ಬೆಂಟ್‌ಹೌಸ್ ಹೋಗಿ ಬಂದರು. ಬಾಗಿಲು ಮೊದಲಿಗಿಂತ ಅಗಲವಾಗಿದೆ. ವೈದ್ಯೆಯಾಗಿ ನನಗೆ ಈ ಇಡೀ ಉದ್ಯಮದಲ್ಲಿ ಅತ್ಯಂತ ಸಂತೋಷ ಕೊಟ್ಟ ವಿಷಯ ಇದು.

ಕಕ್ಷೆಯಲ್ಲಿ ಮೂರು ದಿನ ಅಂದರೆ ಕಥೆ ಬೇರೆ. ಮೊದಲ ಗಂಟೆಗಳಲ್ಲೇ ಕಾಲಿನಲ್ಲಿರಬೇಕಾದ ನೀರು ಮತ್ತು ರಕ್ತ ಮೇಲಕ್ಕೆ ಬರುತ್ತದೆ. ಮುಖ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ, ತಲೆ ಭಾರವಾಗುತ್ತದೆ, ಕಾಲು ಸಣಕಲಾಗುತ್ತದೆ. ಒಳಕಿವಿಗೆ ಮೇಲು ಯಾವುದು ಕೆಳಗು ಯಾವುದು ತಿಳಿಯುವುದಿಲ್ಲ, ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು. ಹೋದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮೊದಲ ಎರಡು ಮೂರು ದಿನ ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗುತ್ತದೆ. ತರಬೇತಿ ಪಡೆದವರಿಗೂ ಇದು ತಪ್ಪಿದ್ದಲ್ಲ. ಯಾರಿಗೆ ಆಗುತ್ತದೆ ಅಂತ ನೆಲದ ಮೇಲೆ ಪರೀಕ್ಷೆ ಮಾಡಿ ಹೇಳುವುದೂ ಕಷ್ಟ, ಕಾರಿನಲ್ಲಿ ವಾಂತಿ ಮಾಡದವರು ಅಲ್ಲಿ ಮಾಡುತ್ತಾರೆ. ಮೂರು ದಿನದ ಯಾತ್ರೆಯಲ್ಲಿ ಎರಡು ದಿನ ಹೀಗೇ ಕಳೆದರೆ ದುಡ್ಡು ಕೊಟ್ಟವರಿಗೆ ಹೇಗಾಗಬೇಡ ಹೇಳಿ.

ಶೌಚದ ಮಾತನ್ನು ಯಾರೂ ಎತ್ತುವುದಿಲ್ಲ, ನಾನು ಎತ್ತುತ್ತೇನೆ. ಅಲ್ಲಿ ಏನೂ ಕೆಳಗೆ ಬೀಳುವುದಿಲ್ಲ, ಎಲ್ಲವನ್ನೂ ಫ್ಯಾನ್ ಗಾಳಿಯಿಂದ ಎಳೆದುಕೊಳ್ಳಬೇಕು. ಇನ್‌ಸ್ಪಿರೇಷನ್ 4ರಲ್ಲಿ ಮೂತ್ರದ ತೊಟ್ಟಿಗೆ ಹೋಗುವ ಒಂದು ಕೊಳವೆ ಕಳಚಿಕೊಂಡಿತು. ಮೂತ್ರ ಫ್ಯಾನಿಗೆ ಸಿಕ್ಕಿ ಕ್ಯಾಪ್ಸೂಲಿನ ನೆಲದ ಹಲಗೆಯ ಕೆಳಗೆಲ್ಲ ಹರಡಿತು, ಅಲಾರಾಂ ಹೊಡೆದುಕೊಂಡಿತು. ಒಂದು ಸಣ್ಣ ಕೋಣೆಯಷ್ಟು ಜಾಗದಲ್ಲಿ ನಾಲ್ಕು ಜನ. ಮರೆಗೆ ಒಂದು ಪರದೆ. ಇದಕ್ಕೆಲ್ಲ ಮನಸ್ಸು ಗಟ್ಟಿ ಬೇಕು. ಹೋಗಬೇಡಿ ಅನ್ನುತ್ತಿಲ್ಲ, ನಿಮ್ಮ ಆಸೆ ದೊಡ್ಡದು, ಅದರ ಜೊತೆ ಇದನ್ನೂ ತಿಳಿದಿರಿ ಅಂತ ಅಷ್ಟೆ.

ಉತ್ತರ: ಮೂರನೇಸಾಲು

ಅಪಾಯದ ಬಗ್ಗೆ ಯಾರೂ ನೇರವಾಗಿ ಹೇಳಲಿಲ್ಲ. ಶಟಲ್ 135 ಸಲ ಹೊರಟಿತು, ಎರಡು ಸಲ ಜನ ವಾಪಸ್ ಬರಲಿಲ್ಲ, ಒಟ್ಟು 14 ಜನ. ಜಗತ್ತಿನಲ್ಲಿ ಈಗ ದಿನಕ್ಕೆ ಸುಮಾರು ಒಂದು ಲಕ್ಷ ವಿಮಾನ ಹಾರಾಟ ನಡೆಯುತ್ತದೆ. ಶಟಲ್ ಲೆಕ್ಕ ಅದಕ್ಕೆ ಹಾಕಿದರೆ ದಿನಕ್ಕೆ ಸಾವಿರಕ್ಕೂ ಹೆಚ್ಚು ವಿಮಾನ ಬೀಳಬೇಕು. ಹೊಸ ಕ್ಯಾಪ್ಸೂಲ್‌ಗಳು ಶಟಲ್‌ಗಿಂತ ಸುರಕ್ಷಿತ, ಒಪ್ಪುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ನ್ಯೂ ಶೆಪರ್ಡ್ ಹೊರಟ ಸುಮಾರು ಒಂದು ನಿಮಿಷಕ್ಕೆ ಎಂಜಿನ್ ಕೆಟ್ಟಿತು, ಕ್ಯಾಪ್ಸೂಲ್ ತಾನೇ ಕಳಚಿಕೊಂಡು ಪ್ಯಾರಾಚೂಟ್‌ನಲ್ಲಿ ಇಳಿಯಿತು. ಅದರಲ್ಲಿ ಜನ ಇರಲಿಲ್ಲ, ಇದ್ದಿದ್ದರೂ ಉಳಿಯುತ್ತಿದ್ದರು. ಆದರೂ ವಿಮಾನದ ಮಟ್ಟಕ್ಕೆ ಬಂದಿದೆ ಅನ್ನಲು ಬೇಕಾದಷ್ಟು ಹಾರಾಟಗಳೇ ಆಗಿಲ್ಲ.

2014ರ ಅಕ್ಟೋಬರ್ 31ರಂದು ವರ್ಜಿನ್‌ನ ನೌಕೆ ಪರೀಕ್ಷಾ ಹಾರಾಟದಲ್ಲಿ ಒಡೆಯಿತು. ಇಳಿಯುವಾಗ ಬಾಲವನ್ನು ಮೇಲಕ್ಕೆ ಮಡಚಿ ವೇಗ ತಗ್ಗಿಸುವ ವ್ಯವಸ್ಥೆ ಅದರಲ್ಲಿದೆ. ಅದರ ಬೀಗವನ್ನು ಶಬ್ದದ 1.4 ಪಟ್ಟು ವೇಗ ಬಂದ ಮೇಲೆ ತೆಗೆಯಬೇಕಿತ್ತು, ಸಹ ಪೈಲಟ್ ಕೆಲವು ಸೆಕೆಂಡು ಮೊದಲೇ, ಸುಮಾರು 0.8 ಪಟ್ಟು ವೇಗದಲ್ಲಿ ತೆಗೆದರು. ಗಾಳಿಯ ರಭಸಕ್ಕೆ ಬಾಲ ತಾನಾಗಿ ಮಡಚಿ ನೌಕೆ ಚೂರಾಯಿತು. ಅವರು ತೀರಿಕೊಂಡರು, ಇನ್ನೊಬ್ಬ ಪೈಲಟ್ ಪ್ಯಾರಾಚೂಟ್‌ನಲ್ಲಿ ಬದುಕಿದರು. ತನಿಖೆ ಮಾಡಿದವರು ಹೇಳಿದ್ದು ಮುಖ್ಯ: ಒಬ್ಬ ಮನುಷ್ಯ ಒಂದು ತಪ್ಪು ಮಾಡಿದರೆ ಇಡೀ ನೌಕೆ ಹೋಗುವ ಹಾಗೆ ಇಟ್ಟದ್ದೇ ದೋಷ, ಅದನ್ನು ಕಟ್ಟಿದವರು ಮೊದಲೇ ಯೋಚಿಸಬೇಕಿತ್ತು ಅಂತ. ಆಮೇಲೆ ಬೇಗ ತೆಗೆಯಲಾಗದಂಥ ಬೀಗ ಹಾಕಿದರು.

ಇನ್ನೊಂದು. ಅಮೆರಿಕದಲ್ಲಿ 2004ರ ಕಾನೂನಿನ ಪ್ರಕಾರ ಪ್ರಯಾಣಿಕರ ಸುರಕ್ಷತೆಗೆ ಸರ್ಕಾರ ನಿಯಮ ಮಾಡುವ ಹಾಗಿಲ್ಲ, ಉದ್ಯಮ ಇನ್ನೂ ಕಲಿಯುತ್ತಿದೆ ಅಂತ ಬಿಟ್ಟಿದ್ದಾರೆ. ಆ ಗಡುವನ್ನು ಮತ್ತೆ ಮತ್ತೆ ಮುಂದೆ ಹಾಕಿ ಈಗ 2028ರ ಜನವರಿ 1ಕ್ಕೆ ತಂದು ನಿಲ್ಲಿಸಿದ್ದಾರೆ. ಕೆಳಗಿರುವ ಜನರ ಮೇಲೆ ಚೂರು ಬೀಳಬಾರದು ಅಂತ ನಿಯಮ ಇದೆ, ಒಳಗೆ ಕೂತವರಿಗೆ ಇರುವುದು ಒಂದು ಒಪ್ಪಿಗೆ ಪತ್ರ. ಈ ನೌಕೆ ಸುರಕ್ಷಿತ ಅಂತ ಸರ್ಕಾರ ಪ್ರಮಾಣಪತ್ರ ಕೊಟ್ಟಿಲ್ಲ ಅಂತ ಅದರಲ್ಲಿ ಬರೆದಿರುತ್ತದೆ, ನೀವು ಓದಿ ಸಹಿ ಹಾಕಬೇಕು. ಶ್ರೀಮಂತ ಸಾಹಸಿಗಳಿಗೆ ಇದು ಸಾಕು ಅಂತ ಬೇಕಾದರೆ ಹೇಳಬಹುದು. ಸಾಲ ಮಾಡಿ, ಮನೆಯವರನ್ನು ಬಿಟ್ಟು ಹೋಗುವ ಸಾಮಾನ್ಯರಿಗೆ ಸಾಲದು. ಸಾಮಾನ್ಯರಿಗೆ ಅಂತ ಬಾಗಿಲು ತೆರೆಯುವ ಮೊದಲು ಈ ಕಾನೂನು ಬದಲಾಗಬೇಕು. ಇದರ ಬಗ್ಗೆ ನನಗೆ ಸಿಟ್ಟೇ ಇದೆ.

ಹೊಗೆಯ ವಿಷಯವೂ ಇದೆ. ಸೀಮೆಎಣ್ಣೆ ಥರದ ಇಂಧನ ಅಥವಾ ರಬ್ಬರ್ ಥರದ ಇಂಧನ ಉರಿಸುವ ರಾಕೆಟ್ ಮಸಿಯನ್ನು ನೇರವಾಗಿ ವಾಯುಮಂಡಲದ ಮೇಲಿನ ಪದರದಲ್ಲಿ ಬಿಡುತ್ತದೆ. ಅಲ್ಲಿ ಮಳೆ ಇಲ್ಲ, ತೊಳೆದು ಹೋಗುವುದಿಲ್ಲ, ವರ್ಷಗಟ್ಟಲೆ ಉಳಿಯುತ್ತದೆ. ನೆಲದ ಹತ್ತಿರದ ಮಸಿಗಿಂತ ಅದು ಸುಮಾರು 500 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ ಅಂತ 2022ರಲ್ಲಿ ಬಂದ ಒಂದು ಅಧ್ಯಯನ ಹೇಳಿದೆ. ನ್ಯೂ ಶೆಪರ್ಡ್ ಉರಿಸುವುದು ಜಲಜನಕ, ಅದರಲ್ಲಿ ಈ ಮಸಿ ಇಲ್ಲ. ಲೆಕ್ಕಿಗ ಅವರು ಹೇಳಿದ ಹಾಗೆ ಬೆಲೆ ಇಳಿಯಲು ಹಾರಾಟ ಹೆಚ್ಚಬೇಕು ಅಂತಾದರೆ, ಯಾವ ಇಂಧನ ಅನ್ನುವುದನ್ನು ಈಗಲೇ ತೀರ್ಮಾನ ಮಾಡಬೇಕು.

ಆಕಾಶಬುಟ್ಟಿ

ಎಲ್ಲರಿಗೂ ತುಂಬ ಧನ್ಯವಾದ. ಎರಡೆರಡು ಸಲ ಓದಿದೆ. ಸಾಮಾನಿನ ಬಾಡಿಗೆ ಇಳಿದು ಸೀಟಿನ ಬೆಲೆ ಏರಿದ್ದು ನನಗೆ ಗೊತ್ತೇ ಇರಲಿಲ್ಲ. ಕ್ರಿಸ್ಟಾ ಅವರ ಹೆಸರು ಕೇಳಿದ್ದೆ, ಅವರ ಹಿಂದೆ ಇಷ್ಟು ಜನ ಟೀಚರ್‌ಗಳು ಕಾದಿದ್ದರು ಅಂತ ಗೊತ್ತಿರಲಿಲ್ಲ.

ಮೂರನೇಸಾಲು ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆ ಒಪ್ಪಿಗೆ ಪತ್ರಕ್ಕೆ ನಾನು ಈಗ ಸಹಿ ಹಾಕಲಾರೆ, ಮನೆಯಲ್ಲಿ ನನ್ನನ್ನು ನಂಬಿದವರಿದ್ದಾರೆ. ಅದು ಬದಲಾಗುವವರೆಗೆ ಕಾಯುತ್ತೇನೆ. ಸ್ಪರ್ಧೆ, ಅರ್ಜಿ ಅಂತ ಏನು ಬಂದರೂ ಹಾಕುತ್ತೇನೆ.

ಅಲ್ಲಿಯವರೆಗೆ ನನಗೆ ಬೇಕಾದದ್ದು ತೇಲುವ ಅನುಭವ. ವಿಮಾನದಲ್ಲೇ ಅದನ್ನು ಕೊಡುತ್ತಾರೆ ಅಂತ ಓದಿದ್ದೇನೆ. ಬಲೂನ್ ಪ್ರವಾಸ ಅಂತಲೂ ಇದೆಯಂತೆ. ಅದು ನಿಜವಾದದ್ದೇನಾ, ಇಲ್ಲಾ ಸುಮ್ನೆ ಹೆಸರಿಗಾ?

ಉತ್ತರ: ಲೆಕ್ಕಿಗ

ವಿಮಾನದ್ದು ನೂರಕ್ಕೆ ನೂರು ನಿಜ. ವಿಮಾನವನ್ನು ಕಡಿದಾಗಿ ಮೇಲಕ್ಕೆ ಏರಿಸಿ, ಮೇಲೆ ಎಸೆದ ಕಲ್ಲು ಬೀಳುವ ದಾರಿಯಲ್ಲೇ ಬಿಡುತ್ತಾರೆ. ವಿಮಾನವೂ ಬೀಳುತ್ತದೆ, ನೀವೂ ಬೀಳುತ್ತೀರಿ, ಒಳಗೆ ತೇಲುತ್ತೀರಿ. ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆಯುವುದೂ ಇದೇ, ಅಲ್ಲಿ ಬೀಳುವುದು ನಿಲ್ಲುವುದೇ ಇಲ್ಲ ಅಷ್ಟೆ. ಒಂದು ಸಲಕ್ಕೆ ಇಪ್ಪತ್ತು ಸೆಕೆಂಡಿನ ಆಸುಪಾಸು ಸಿಗುತ್ತದೆ. ಒಂದು ಹಾರಾಟದಲ್ಲಿ ಹದಿನೈದು ಸಲದ ಹಾಗೆ ಮಾಡುತ್ತಾರೆ. ಎಲ್ಲ ಕೂಡಿಸಿದರೆ ಸುಮಾರು ಐದು ನಿಮಿಷ, ನ್ಯೂ ಶೆಪರ್ಡ್‌ನಲ್ಲಿ ಸಿಗುವುದಕ್ಕಿಂತ ಜಾಸ್ತಿ. ಅಮೆರಿಕದಲ್ಲಿ ಟಿಕೆಟ್ ಹತ್ತು ಸಾವಿರ ಡಾಲರ್ ಆಸುಪಾಸು. ಅದೂ ಕಡಿಮೆ ಅಲ್ಲ, ಆದರೆ ವರ್ಷಗಟ್ಟಲೆ ಕೂಡಿಟ್ಟರೆ ಸಂಬಳದವರಿಗೂ ಮುಟ್ಟುವ ಮೊತ್ತ. ಸ್ಟೀಫನ್ ಹಾಕಿಂಗ್ 2007ರಲ್ಲಿ ಗಾಲಿಕುರ್ಚಿ ಬಿಟ್ಟು ತೇಲಿದ್ದು ಇಂಥ ವಿಮಾನದಲ್ಲೇ. ಆ ಫೋಟೋದಲ್ಲಿ ಅವರ ಮುಖ ನೋಡಿ.

ಬಲೂನ್ ಸುಮಾರು 30 ಕಿಲೋಮೀಟರ್ ಎತ್ತರಕ್ಕೆ ಒಯ್ಯುವ ಯೋಜನೆ. ಹಗಲಲ್ಲೇ ಆಕಾಶ ಕಪ್ಪಾಗಿ ಕಾಣುತ್ತದೆ, ಭೂಮಿಯ ಅಂಚು ಬಾಗಿ ಕಾಣುತ್ತದೆ. ಆದರೆ ಅದು ಬಾಹ್ಯಾಕಾಶ ಅಲ್ಲ, ತೇಲುವುದೂ ಇಲ್ಲ, ಆರಾಮವಾಗಿ ಕುರ್ಚಿಯಲ್ಲೇ ಕೂತಿರುತ್ತೀರಿ. ಟಿಕೆಟ್ ಮಾರಲು ಹೊರಟ ಒಂದು ಕಂಪನಿ ಸೀಟಿಗೆ 1,25,000 ಡಾಲರ್ ಹೇಳಿತ್ತು. ನಿಮಗೆ ಬೇಕಾದದ್ದು ತೇಲುವುದಾದರೆ ವಿಮಾನವೇ ಸರಿ.

ಉತ್ತರ: ನಾಡಿಮಿಡಿತ

ಆ ವಿಮಾನಕ್ಕೆ ಹೋಗುವುದಾದರೆ ಎರಡು ಮಾತು. ತೇಲುವುದಕ್ಕೆ ಮುಂಚೆ ಮತ್ತು ಆಮೇಲೆ, ವಿಮಾನ ಏರುವಾಗ ಮತ್ತು ಚೇತರಿಸಿಕೊಳ್ಳುವಾಗ, ನಿಮ್ಮ ತೂಕ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ. ಆ ಹೊತ್ತಿನಲ್ಲಿ ನೆಲದ ಮೇಲೆ ಅಂಗಾತ ಮಲಗಿ, ಒಂದೇ ಕಡೆ ನೋಡುತ್ತಿರಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಬೇಡಿ. ವಾಂತಿ ಶುರುವಾಗುವುದು ಹೆಚ್ಚಾಗಿ ತಲೆ ತಿರುಗಿಸಿದಾಗಲೇ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಹೊಟ್ಟೆ ತುಂಬ ತಿಂದೂ ಹೋಗಬೇಡಿ. ವಾಂತಿ ತಡೆಯುವ ಮಾತ್ರೆ ಇದೆ, ನಿಮ್ಮ ವೈದ್ಯರನ್ನು ಕೇಳಿ ಹಿಂದಿನ ವಾರವೇ ಒಮ್ಮೆ ತೆಗೆದುಕೊಂಡು ನೋಡಿ. ಕೆಲವರಿಗೆ ಅದರಿಂದ ಜಾಸ್ತಿ ನಿದ್ದೆ ಬರುತ್ತದೆ, ಹಾರುವ ದಿನವೇ ಅದು ಗೊತ್ತಾಗುವುದು ಬೇಡ.